ಹೆಸರು ಹೋಯ್ತು, ಹೋಟೆಲ್ ಉಳೀತು

ಇವತ್ತು ನಾನು ಹೇಳ್ತಿರೋದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಕಥೆ. 2000ನೇ ಇಸವಿಯಲ್ಲಿ ಅಲ್ಲಿ ‘ಪಲಾಝೊ ವರ್ಸಾಚಿ’ ಅನ್ನೋ ಐಷಾರಾಮಿ ಹೋಟೆಲ್ ಶುರುವಾಯ್ತು. ಫ್ಯಾಷನ್ ಸಂಸ್ಥೆಯ ಹೆಸರು ಹೊತ್ತ ಜಗತ್ತಿನ ಮೊದಲ ಹೋಟೆಲ್‌ಗಳಲ್ಲಿ ಇದೂ ಒಂದು. ಸಂಸ್ಥಾಪಕ ಜಿಯಾನಿ ವರ್ಸಾಚಿ ಇದನ್ನು ನೋಡಲೇ ಇಲ್ಲ. 1997ರಲ್ಲಿ ಮಯಾಮಿ ಬೀಚ್‌ನಲ್ಲಿ, ತಮ್ಮ ಮನೆ ಮುಂದೆಯೇ ಹತ್ಯೆಯಾಗಿದ್ದರು.

ಹೋಟೆಲ್ ತುಂಬ ವರ್ಸಾಚಿಯ ಮೆಡೂಸಾ ಮುಖ. 2012ರಲ್ಲಿ ಚೀನಾದ ಹೂಡಿಕೆದಾರರು ಕೊಂಡ್ರು. ಕಟ್ಟಡ ಅವರದ್ದು, ಹೆಸರು ಮಾತ್ರ ಒಪ್ಪಂದದ ಮೇಲೆ. 2023ರಲ್ಲಿ ಆ ನಂಟೂ ಮುಗೀತು. ಬೋರ್ಡ್ ಬದಲಾಯ್ತು: ‘ಇಂಪೀರಿಯಲ್ ಹೋಟೆಲ್’.

ಗೋಡೆಗಳು ಅವೇ, ಸಮುದ್ರವೂ ಅದೇ. ಹಾಗಾದ್ರೆ ಜನ ಇಷ್ಟು ವರ್ಷ ದುಡ್ಡು ಕೊಟ್ಟಿದ್ದು ಕೋಣೆಗಾ, ಹೆಸರಿಗಾ? ನನ್ನ ಪ್ರಕಾರ, ಎರಡಕ್ಕೂ. ಆದ್ರೆ ಹೆಸರು ಬಾಡಿಗೆಗೆ ಬಂದದ್ದು. ಮುಂದಿನ ಸಲ ಬ್ರ್ಯಾಂಡ್ ನೋಡಿ ಮೊಬೈಲ್‌ನಲ್ಲಿ ‘ಬುಕ್’ ಒತ್ತೋ ಮೊದಲು ಇದು ನೆನಪಿರಲಿ.