ಜೀವವಿಜ್ಞಾನದ ಪದವಿಗೆ ಮಹಾವಿದ್ಯಾಲಯವನ್ನು ಆರಿಸುವ ಬಗೆ



ಪದವಿಪೂರ್ವ ಪರೀಕ್ಷೆಯಲ್ಲಿ ಜೀವಶಾಸ್ತ್ರವನ್ನೋದಿ ತೇರ್ಗಡೆಯಾದ ಮಗನನ್ನಾಗಲಿ ಮಗಳನ್ನಾಗಲಿ ಮುಂದೆ ಯಾವ ಕಾಲೇಜಿಗೆ ಕಳುಹಿಸಬೇಕೆಂಬುದು ಇಂದು ಈ ಸೀಮೆಯ ರೈತನ ಮನೆಯಲ್ಲಿಯೂ ಏಳುವ ಪ್ರಶ್ನೆಯಾಗಿರುವುದು. ಭತ್ತ ಮಾರಿ ಬಂದ ಹಣವೂ ಮಕ್ಕಳ ಆಯುಷ್ಯದ ಮೂರು ನಾಲ್ಕು ವರ್ಷಗಳೂ ಇದರಲ್ಲಿ ಅಡಗಿರುವುದರಿಂದ ಇದನ್ನು ನೆರೆಯವರ ಮಾತಿನ ಮೇಲೆ ನಿರ್ಧರಿಸುವುದು ತಕ್ಕುದಲ್ಲ.

ಹಿಂದಿನವರಿಗೆ ಈ ಆಯ್ಕೆಯೇ ಇರಲಿಲ್ಲ. 1948ರವರೆಗೆ ಈ ನಾಡು ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯು ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡದ ಹುಡುಗನಿಗೆ ಅದು ದೂರದ ಊರು, ಪರಭಾಷೆ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತೆರೆದಾಗಲೂ ಅದು ಬೇರೊಂದು ಸರಕಾರದ ಪ್ರಾಂತದಲ್ಲಿತ್ತು. ಅಂತಹ ದಿನಗಳಲ್ಲಿ ಬಡ ವಿದ್ಯಾರ್ಥಿಗಳಿಗೆ ಆಸರೆಯಾದವು ಮಠಗಳ ಪ್ರಸಾದನಿಲಯಗಳು. ಅನ್ನವೂ ವಸತಿಯೂ ದೊರೆತಲ್ಲಿ ವಿದ್ಯೆ. ಅದೇ ಅಂದಿನ ಆಯ್ಕೆ. ಇಂದು ಕೊಪ್ಪಳದಲ್ಲಿಯೇ ಗವಿಮಠದ ಆಶ್ರಯದ ಪದವಿ ಕಾಲೇಜೂ ಸರಕಾರದ ವೈದ್ಯಕೀಯ ಕಾಲೇಜೂ ಇರುವುವು. ಬಳ್ಳಾರಿ, ರಾಯಚೂರು, ಕಲಬುರಗಿ, ಧಾರವಾಡಗಳ ದಾರಿಯೂ ಸುಗಮವಾಗಿರುವುದು. ದಾರಿಗಳು ಹೆಚ್ಚಿದಷ್ಟೂ ವಿವೇಕವೂ ಹೆಚ್ಚಬೇಕು.

ಮೊದಲನೆಯದಾಗಿ, ಯಾವ ಕಾಯಕಕ್ಕಾಗಿ ಓದು ಎಂಬುದನ್ನು ತಿಳಿಯಬೇಕು. ವೈದ್ಯನಾಗಬೇಕೆನ್ನುವವನಿಗೆ ನೀಟ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆಯೇ ಬಾಗಿಲು. ಜೀವವಿಜ್ಞಾನದ ಬಿ.ಎಸ್ಸಿ. ಪದವಿಯಿಂದ ಯಾರೂ ವೈದ್ಯರಾಗಲಾರರು. ಇದನ್ನರಿಯದೆ ಸೇರಿದವರು ತರುವಾಯ ನೊಂದುಕೊಳ್ಳುವರು. ಆದರೆ ಬಿ.ಎಸ್ಸಿ. ಸೋತವರ ಪದವಿಯೆಂದು ಬಗೆಯುವುದೂ ಅಜ್ಞಾನವೇ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಬಲ್ಲವರಿಗೆ ಅಧ್ಯಾಪನ, ಸಂಶೋಧನೆ, ಔಷಧ ತಯಾರಿಕೆ, ಬೀಜೋತ್ಪಾದನೆ ಮೊದಲಾದ ಕ್ಷೇತ್ರಗಳುಂಟು. ರೋಗಿಯ ರಕ್ತವನ್ನು ಪರೀಕ್ಷಿಸುವ ಕಾಯಕ ಬೇಕೆಂಬವರಿಗೆ ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನದ ಪದವಿ ಬೇರೆಯೇ ಇರುವುದು. ಹೊಲದ ನಂಟು ಬಿಡಲೊಲ್ಲದವರಿಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಿದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಶರಣತತ್ತ್ವವು ಇಲ್ಲಿಯೂ ಸಲ್ಲುವುದು. ಮಗುವಿನ ಒಲವನ್ನು ಕೇಳದೆ ವೈದ್ಯ ಪದವಿಗಾಗಿಯೇ ವರುಷ ವರುಷವೂ ಪರೀಕ್ಷೆಗೆ ಕೂರಿಸುವುದು ಪ್ರೀತಿಯಲ್ಲ, ಹಟ.

ಎರಡನೆಯದಾಗಿ, ಕಟ್ಟಡವನ್ನಲ್ಲ, ಪ್ರಯೋಗಶಾಲೆಯನ್ನು ನೋಡಬೇಕು. ಜೀವವಿಜ್ಞಾನವು ಕಣ್ಣಿನಿಂದಲೂ ಕೈಯಿಂದಲೂ ಕಲಿಯತಕ್ಕ ವಿದ್ಯೆ. ತಂದೆಯಾದವನು ಮಗಳೊಡನೆ ಕಾಲೇಜಿಗೆ ಹೋಗಿ ವಿಚಾರಿಸಲಿ: ಸೂಕ್ಷ್ಮದರ್ಶಕಗಳು ಎಷ್ಟು, ಒಂದೊಂದಕ್ಕೆ ವಿದ್ಯಾರ್ಥಿಗಳು ಎಷ್ಟು ಮಂದಿ? ವಾರಕ್ಕೆ ಎಷ್ಟು ಪ್ರಾಯೋಗಿಕ ತರಗತಿಗಳು ನಿಜವಾಗಿ ನಡೆಯುವುವು? ಅಧ್ಯಾಪಕರು ಕಾಯಂ ಆಗಿರುವರೋ, ವರ್ಷಕ್ಕೊಮ್ಮೆ ಬದಲಾಗುವರೋ? ಈ ಪ್ರಶ್ನೆಗಳಿಗೆ ಅಲ್ಲಿಯೇ ಓದುತ್ತಿರುವ ಮಕ್ಕಳು ಕೊಡುವ ಉತ್ತರವು ಜಾಹೀರಾತಿಗಿಂತ ನಂಬತಕ್ಕುದು. ಹೆಸರಾಂತ ನಗರದ ಕಾಲೇಜಿನಲ್ಲಿ ದೂರದಿಂದ ಉಪಕರಣವನ್ನು ನೋಡಿ ಬರುವುದಕ್ಕಿಂತ, ಹತ್ತಿರದ ಕಾಲೇಜಿನಲ್ಲಿ ಅದನ್ನು ಕೈಯಾರೆ ಬಳಸಿ ಕಲಿಯುವುದು ಮೇಲು.

ಮೂರನೆಯದಾಗಿ, ಮಾನ್ಯತೆಯನ್ನೂ ವೆಚ್ಚವನ್ನೂ ಲೆಕ್ಕಿಸಬೇಕು. ಪದವಿಪತ್ರವನ್ನು ಕೊಡುವ ವಿಶ್ವವಿದ್ಯಾಲಯ ಯಾವುದು, ನ್ಯಾಕ್ ಸಂಸ್ಥೆಯ ಮೌಲ್ಯಾಂಕನ ಆಗಿದೆಯೇ ಎಂಬುದನ್ನು ಬರವಣಿಗೆಯಲ್ಲಿ ನೋಡಿಕೊಳ್ಳಬೇಕು. ಶುಲ್ಕದೊಡನೆ ವಸತಿ, ಊಟ, ಪ್ರಯಾಣಗಳನ್ನು ಪೂರ್ಣಾವಧಿಗೆ ಕೂಡಿಸಿ ನೋಡಬೇಕು. ಸಂವಿಧಾನದ 371ಜೆ ವಿಧಿಯ ಮೇರೆಗೆ 2013ರಿಂದ ಈ ಭಾಗದ ಅಭ್ಯರ್ಥಿಗಳಿಗೆ ಇಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲು ದೊರೆತಿರುವುದು. ಅದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಪ್ರವೇಶದ ಗಡಿಬಿಡಿಗೆ ಮುಂಚೆಯೇ ಪಡೆದಿರುವುದು ಒಳಿತು.

ಕೊನೆಗೊಂದು ಮಾತು. ಮಗನನ್ನು ಧಾರವಾಡಕ್ಕೆ ಕಳುಹಿಸುವ ಮನೆಯು, ಅದೇ ಅಂಕ ಪಡೆದ ಮಗಳಿಗೆ ಹತ್ತಿರದ ಕಾಲೇಜು ಸಾಕೆನ್ನುವುದು ನ್ಯಾಯವಲ್ಲ. ಸ್ತ್ರೀಯರಿಗೂ ಅನುಭವಮಂಟಪದಲ್ಲಿ ಸಮಸ್ಥಾನವಿತ್ತ ಶರಣರ ಅನುಯಾಯಿಗಳಿಗೆ ಅದು ಒಪ್ಪುವುದಿಲ್ಲ. ಆಕೆಗೆ ಸುರಕ್ಷಿತವಾದ ವಸತಿಯನ್ನು ಹುಡುಕುವುದು ಹಿರಿಯರ ಕರ್ತವ್ಯ. ಬಡವರ ಮಕ್ಕಳಿಗೆ ಅದನ್ನು ಒದಗಿಸುವುದು ಭಕ್ತರೆಲ್ಲರ ದಾಸೋಹ. ಶ್ರೀಮಠದ ಈ ಮಹೋತ್ಸವದ ನೆನಪಿಗಾಗಿ ಒಬ್ಬೊಬ್ಬ ಅನುಕೂಲಸ್ಥ ಭಕ್ತನು ಒಬ್ಬೊಬ್ಬ ವಿದ್ಯಾರ್ಥಿಯ ಪ್ರಸಾದದ ವೆಚ್ಚವನ್ನು ವಹಿಸಿಕೊಂಡರೆ, ಯೋಗ್ಯವಾದ ಕಾಲೇಜು ದೂರವಿರುವುದೆಂಬ ಒಂದೇ ಕಾರಣದಿಂದ ಈ ಸೀಮೆಯ ಯಾವ ಮಗುವಿನ ವಿದ್ಯೆಯೂ ನಿಲ್ಲಲಾರದು.