ಮೊದಲ ದಿನ ಏನನ್ನೂ ಕೊಳ್ಳಬೇಡಿ
(ವಿಜಯವಾಡದ ಮಹಿಳಾ ವೇದಿಕೆ ಸಭೆಯಲ್ಲಿ ಆಡಿದ ಮಾತು)

ನಿನ್ನೆ ವಿಶಾಖಪಟ್ಟಣದಿಂದ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಬರುವಾಗ ಪಕ್ಕದವರು ನನ್ನ ಚೀಲ ನೋಡಿ, "ಇದೇಂಟಮ್ಮಾ, ಫೋನ್ ವೈರಾ?" ಅಂದರು. ಅದು ಸರ್ಫಿಂಗ್ ಹಲಗೆಯನ್ನು ಕಾಲಿಗೆ ಕಟ್ಟಿಕೊಳ್ಳುವ ಲೀಶ್. ಲೀಶ್, ಮೇಣ, ಹಲಗೆಯ ಚೀಲ, ರ‍್ಯಾಶ್ ಗಾರ್ಡ್ ಎಂಬ ಬಿಗಿ ಅಂಗಿ, ಇವನ್ನು ಮನೆಯಿಂದಲೇ ಮಾರುವುದು ನನ್ನ ಕಸುಬು. ಹಿಮದ ಮೇಲೆ ಜಾರುವ ಹಲಗೆಯ ಸಾಮಾನೂ ಇದೆಯೇ ಎಂದು ಕೇಳುವವರಿದ್ದಾರೆ. ಅದಕ್ಕೆ ಗುಲ್ಮಾರ್ಗಿಗೇ ಹೋಗಬೇಕು. ನಮ್ಮ ಲಂಬಸಿಂಗಿಯ ಚಳಿ ಸಾಲದು!

ನಾನು ಮೂಲ್ಕಿ ಕಡೆಯವಳು. ಮಂತ್ರ ಸರ್ಫ್ ಕ್ಲಬ್ ಇರುವುದು ಅಲ್ಲೇ. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಅಷ್ಟಿದ್ದೂ ಊರಲ್ಲಿದ್ದಾಗ ನಾನು ಮೊಣಕಾಲು ನೀರು ದಾಟಿದವಳಲ್ಲ. ಹಲಗೆ ಹತ್ತಿದ್ದು ಇಲ್ಲಿಗೆ ಬಂದ ಮೇಲೆ, ಋಷಿಕೊಂಡದಲ್ಲಿ, ನಲವತ್ತೊಂದನೇ ವಯಸ್ಸಿಗೆ. ಹತ್ತಿದೆ, ಬಿದ್ದೆ. ಮೊದಲ ದಿನದ ಕೆಲಸ ಅದೇ.

ವ್ಯಾಪಾರದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ನನ್ನ ವಯಸ್ಸಿನವರೇ ಒಬ್ಬರು ಬಂದರು, ಕಲಿಯುವ ಆಸೆ ಎಂದರು. ನನಗೆ ಖುಷಿಯೋ ಖುಷಿ. ಇದು ಬೇಕು, ಅದೂ ಬೇಕು ಎಂದು ಒಂದು ಚೀಲ ತುಂಬಿಸಿ ಕಳಿಸಿದೆ. ಲೀಶಿನ ಅಳತೆಯೂ ತಪ್ಪಿತ್ತು. ಅದು ಹೆಚ್ಚುಕಡಿಮೆ ಹಲಗೆಯಷ್ಟೇ ಉದ್ದ ಇರಬೇಕು. ನಾನು ಒಂಬತ್ತಡಿ ಹಲಗೆಗೆ ಆರಡಿಯದು ಕೊಟ್ಟಿದ್ದೆ. ಬಿದ್ದಾಗ ಹಲಗೆ ಎಳೆದುಕೊಂಡು ಬಂದು ಭುಜಕ್ಕೆ ಬಡಿಯಿತಂತೆ. ಅವರು ಜಗಳವಾಡಲಿಲ್ಲ. "ನನಗೇ ಬರೋದಿಲ್ಲ ಬಿಡಿ" ಅಂದರು. ಮತ್ತೆ ಸಮುದ್ರಕ್ಕೆ ಬರಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಅಂದಿನಿಂದ ಹೊಸಬರಿಗೆ ಮೊದಲ ಮೂರು ದಿನ ನಾನು ಏನನ್ನೂ ಮಾರುವುದಿಲ್ಲ. ಲೀಶು, ಅಂಗಿ ಎರವಲು ಕೊಡುತ್ತೇನೆ. ಹಲಗೆ ತರಬೇತಿ ಕೊಡುವವರ ಹತ್ತಿರ ಇರುತ್ತದೆ, ಮೆತ್ತನೆಯ ಫೋಮಿನದು. ಲೀಶನ್ನು ಹಿಂದಿನ ಕಾಲಿಗೆ ಕಟ್ಟಬೇಕು. ಯಾವುದು ಹಿಂದಿನ ಕಾಲು ಎಂದು ಕೇಳಲು ನಾಚಿಕೆ ಬೇಡ, ಎಲ್ಲರೂ ಕೇಳುತ್ತಾರೆ. ಮೇಣ ಕೊಳ್ಳುವಾಗ ಬೆಚ್ಚನೆ ನೀರಿನ ಗಟ್ಟಿ ಮೇಣವನ್ನೇ ನೋಡಿ. ತಣ್ಣೀರಿನ ಮೇಣ ನಮ್ಮ ಬಿಸಿಲಿಗೆ ತುಪ್ಪವಾಗುತ್ತದೆ, ನನ್ನ ಸ್ಕೂಟರ್ ಡಿಕ್ಕಿಯೇ ಸಾಕ್ಷಿ.

ಹೆಂಗಸರು ಅಲೆಗಿಂತ ಬಟ್ಟೆಗೆ ಹೆದರುತ್ತಾರೆ. "ಏನು ಹಾಕ್ಕೊಳ್ಳೋದು, ಯಾರು ನೋಡ್ತಾರೋ" ಎಂಬುದೇ ಮೊದಲ ಪ್ರಶ್ನೆ. ಅದಕ್ಕೇ ಉದ್ದ ತೋಳಿನ, ಸೊಂಟದಿಂದ ಕೆಳಗೆ ಬರುವ ಅಂಗಿಗಳನ್ನು ಹೊಲಿಸತೊಡಗಿದೆ. ಹಲಗೆಗೆ ಎದೆ, ಹೊಟ್ಟೆ ಉಜ್ಜಿ ಚರ್ಮ ಕೆಂಪಾಗುವುದೂ ತಪ್ಪುತ್ತದೆ. ಸೀರೆ, ದುಪಟ್ಟಾ ಮಾತ್ರ ನೀರಿಗೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತವೆ. ಒಬ್ಬರೇ ಇಳಿಯುವುದೂ ಬೇಡ. ಸೆಳೆತಕ್ಕೆ ಸಿಕ್ಕರೆ ದಡದತ್ತ ಹೋರಾಡದೆ, ಹಲಗೆ ಬಿಡದೆ, ದಡಕ್ಕೆ ಸಮಾನಾಂತರವಾಗಿ ಸರಿಯಬೇಕು. ಇದನ್ನು ಮರಳಿನ ಮೇಲೆ ಗೀಟು ಎಳೆದು ತೋರಿಸಿದ ಮೇಲೆಯೇ ನಾನು ಲೀಶ್ ಕೈಗೆ ಕೊಡುವುದು.

ಎರವಲು ಕೊಟ್ಟರೆ ಲಾಭ ಎಲ್ಲಿಂದ ಎಂದು ಮನೆಯವರು ಲೆಕ್ಕದ ಪುಸ್ತಕ ತೋರಿಸುತ್ತಾರೆ. ಅವರ ಮಾತು ಸುಳ್ಳಲ್ಲ. ಮಳೆಗಾಲದಲ್ಲಿ, ಚಂಡಮಾರುತದ ತಿಂಗಳಲ್ಲಿ ಅಂಗಡಿ ನಡೆಯುವುದು ಚೀಲ ಹೊಲಿಗೆಯಿಂದ. ಆದರೂ ಮೂರು ದಿನದ ನಿಯಮ ಬಿಟ್ಟಿಲ್ಲ.

ಹಿಂದಿನ ಮೇಜಿನ ಮೇಲೆ ಮೂರು ಅಂಗಿ, ಒಂದು ಲೀಶು ಇಟ್ಟಿದ್ದೇನೆ. ಮುಟ್ಟಿ ನೋಡಿ, ಎಳೆದು ನೋಡಿ. ಋಷಿಕೊಂಡಕ್ಕೆ ಬರುವವರು ಬೆಳಿಗ್ಗೆ ಆರಕ್ಕೆ ಬನ್ನಿ, ಆಮೇಲೆ ಮರಳು ಕಾಯುತ್ತದೆ.