ಬೋರ್ಡೋ ಮದ್ದು ಬಂದ ದಾರಿ

(ಅಡಿಕೆ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನದಲ್ಲಿ ಮುಂದುವರಿಯಲು ಪರದೇಶಗಳಿಂದ ನಾವು ಏನನ್ನು ಕಲಿಯಬಹುದು ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯ ದೊಡ್ಡದು. ರಾಕೆಟ್ಟು, ಕಂಪ್ಯೂಟರುಗಳ ಮಾತನ್ನು ಎತ್ತಿಕೊಂಡರೆ ಹೊತ್ತು ಮುಳುಗುವವರೆಗೂ ಹೇಳಬಹುದು. ಅದರಿಂದ ನಮ್ಮ ಕೊನೆಯಲ್ಲಿ ಒಂದು ಅಡಿಕೆಯೂ ಹೆಚ್ಚಾಗಿ ನಿಲ್ಲುವುದಿಲ್ಲ. ಆದುದರಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ತಾವೆಲ್ಲರೂ ಕಲಸುವ ನೀಲಿ ಮದ್ದಿನ ಮಾತನ್ನೇ ಆಡುತ್ತೇನೆ. ಬೋರ್ಡೋ ಎಂಬುದು ಮೂಲದಲ್ಲಿ ಮದ್ದಿನ ಹೆಸರಲ್ಲ, ಊರಿನ ಹೆಸರು. ಫ್ರಾನ್ಸ್ ದೇಶದ ಪಡುವಣ ಸೀಮೆಯಲ್ಲಿ ದ್ರಾಕ್ಷಿ ತೋಟಗಳಿಗೆ ಹೆಸರಾದ ಪಟ್ಟಣ ಅದು. ದ್ರಾಕ್ಷಿಯವರ ಮದ್ದು ಅಡಿಕೆಯವರ ಕೈಗೆ ಹೇಗೆ ಬಂತೆಂಬುದು ಕೇಳತಕ್ಕ ಕಥೆ.

ಆ ಕಥೆ ಒಂದು ತಪ್ಪಿನಿಂದ ಮೊದಲಾಗುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರಿಗೆ ಅಮೆರಿಕದಿಂದ ಬಂದ ಒಂದು ಸಣ್ಣ ಹೇನು ತಗುಲಿ ತೋಟಕ್ಕೆ ತೋಟವೇ ಒಣಗಲಾರಂಭಿಸಿತು. ಅಮೆರಿಕದ ಬಳ್ಳಿಗಳ ಬೇರು ಆ ಹೇನನ್ನು ತಡೆಯುತ್ತದೆಂದು ತಿಳಿದು, ಅಲ್ಲಿನ ಬಳ್ಳಿಗಳನ್ನು ತರಿಸಿ ಅವುಗಳ ಮೇಲೆ ತಮ್ಮ ದ್ರಾಕ್ಷಿಯನ್ನು ಕಸಿ ಕಟ್ಟಿದರು. ಉಪಾಯ ಸರಿಯಾದುದೇ. ಆದರೆ ತರಿಸಿದ ಬಳ್ಳಿಗಳ ಜೊತೆಯಲ್ಲಿ ಎಲೆಗೆ ಬೂಷ್ಟು ಹಿಡಿಸುವ ಮತ್ತೊಂದು ರೋಗವೂ ಹಡಗು ಹತ್ತಿ ಬಂದಿತು. 1878ರಲ್ಲಿ ಅದು ಫ್ರಾನ್ಸಿನಲ್ಲಿ ಮೊದಲು ಕಂಡಿತು. ನಾಲ್ಕಾರು ವರ್ಷಗಳಲ್ಲಿ ದೇಶವೆಲ್ಲ ಹರಡಿತು. ದೂರದ ಊರಿನ ಸಸಿಯನ್ನು ಚೀಲದಲ್ಲಿ ಬಚ್ಚಿಟ್ಟು ತರುವ ಚಪಲ ನಮ್ಮಲ್ಲೂ ಕೆಲವರಿಗೆ ಉಂಟು. ಅವರು ಇದನ್ನು ಸ್ವಲ್ಪ ನೆನೆಯಬೇಕು.

1882ರ ಅಕ್ಟೋಬರಿನಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಬೋರ್ಡೋ ಬಳಿಯ ಒಂದು ತೋಟದ ದಾರಿಯಲ್ಲಿ ಹೋಗುತ್ತಿದ್ದರು. ಸುತ್ತಲ ಬಳ್ಳಿಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ದಾರಿಯ ಅಂಚಿನ ಸಾಲುಗಳಲ್ಲಿ ಮಾತ್ರ ಎಲೆ ನಿಂತಿತ್ತು. ಎಲೆಗಳ ಮೇಲೆ ನೀಲಿ ಬಣ್ಣದ ಲೇಪ. ವಿಚಾರಿಸಿದರೆ, ಹೋಗುವವರು ಬರುವವರು ಹಣ್ಣು ಕಿತ್ತು ತಿನ್ನುತ್ತಾರೆಂದು ಮೈಲುತುತ್ತ ಸುಣ್ಣಗಳನ್ನು ಕಲಸಿ ಎರಚಿದ್ದೇವೆ, ಆ ಬಣ್ಣ ಕಂಡರೆ ವಿಷವೆಂದು ಯಾರೂ ಮುಟ್ಟುವುದಿಲ್ಲ ಎಂದು ತೋಟದವರು ತಿಳಿಸಿದರು. ಕಳ್ಳರನ್ನು ಹೆದರಿಸಲು ಹೂಡಿದ ಉಪಾಯ! ಮಿಲಾರ್ಡೆಯವರು ನಕ್ಕು ಮುಂದೆ ಹೋಗಲಿಲ್ಲ. ಗೇಯೋನ್ ಎಂಬ ರಸಾಯನಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು ಪ್ರಯೋಗ ನಡೆಸಿ, 1885ರಲ್ಲಿ ಮದ್ದಿನ ವಿವರವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. ರೈತರ ಕೈ, ಪ್ರಾಧ್ಯಾಪಕರ ಕಣ್ಣು, ಎರಡೂ ಕೂಡಿದ್ದರಿಂದ ಮದ್ದು ಹುಟ್ಟಿತು.

ಈಗ ನಮ್ಮ ಮಲೆನಾಡಿಗೆ ಬರೋಣ. ಕೊಳೆರೋಗವನ್ನು ನಾನು ತಮಗೆ ವರ್ಣಿಸಬೇಕಾಗಿಲ್ಲ. ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡು ಹಸಿರು ಮಚ್ಚೆ, ಅದರ ಮೇಲೆ ಹತ್ತಿಯಂತಹ ಬಿಳಿ ಬೂಷ್ಟು, ಬೆಳಗಾಗುವಷ್ಟರಲ್ಲಿ ಮರದ ಬುಡದಲ್ಲಿ ರಾಶಿ ಕಾಯಿ. ದಕ್ಷಿಣ ಕನ್ನಡದವರು ಇದನ್ನೇ ಮಹಾಳಿ ಎನ್ನುತ್ತಾರೆ. ನಮ್ಮ ಹಿರಿಯರು ಕೈಕಟ್ಟಿ ಕೂತಿರಲಿಲ್ಲ. ಕೊನೆಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ನೀರಿನಿಂದಲೇ ರೋಗ ಹಬ್ಬುತ್ತದೆಂಬುದನ್ನು ಅವರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು. ಆದರೆ ಮರಮರಕ್ಕೂ ಹತ್ತಿ ಕೊನೆಕೊನೆಗೂ ಕೊಟ್ಟೆ ಕಟ್ಟುವುದು ದೊಡ್ಡ ತೋಟಕ್ಕೆ ಆಗುವ ಕೆಲಸವಲ್ಲ.

1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಡಾಕ್ಟರ್ ಲೆಸ್ಲಿ ಕೋಲ್ಮನ್ ಎಂಬವರು ಬಂದರು. ಹುಟ್ಟಿದ್ದು ಕೆನಡಾ ದೇಶ, ಉನ್ನತ ವ್ಯಾಸಂಗ ಜರ್ಮನಿ. ಮುಂದೆ ಅವರೇ ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾದರು. ಅವರು ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ರೋಗಕ್ಕೆ ಕಾರಣ ಫೈಟೋಫ್ಥೋರಾ ವರ್ಗದ ಜೀವಿಯೆಂದು 1910ರಲ್ಲಿ ವರದಿ ಬರೆದರು. ಯೂರೋಪಿನಲ್ಲಿ ವಿದ್ಯೆ ಕಲಿತವರಿಗೆ ಈ ವರ್ಗ ಹೊಸದಲ್ಲ. 1845ರಿಂದ ಮುಂದಿನ ಕೆಲವು ವರ್ಷ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗ ಇದರ ದಾಯಾದಿಯೇ. ಜರ್ಮನಿಯ ವಿದ್ವಾಂಸ ಡೆ ಬಾರಿಯವರು ಅದನ್ನು ಪತ್ತೆಹಚ್ಚಿ ಆ ಹೆಸರಿಟ್ಟರು. ಗಿಡವನ್ನು ನಾಶಮಾಡುವುದು ಎಂದು ಅದರ ಅರ್ಥ. ಈ ಜೀವಿಯ ಬೀಜಾಣುಗಳಿಗೆ ಬಾಲವುಂಟು. ನೀರಿನ ಪದರದಲ್ಲಿ ಅವು ಈಜುತ್ತವೆ. ಜಡಿಮಳೆಯ ನಡುವೆ ಬಿಸಿಲು ಇಣುಕುವ ದಿನಗಳಲ್ಲಿ ರೋಗ ಜೋರಾಗುವುದನ್ನು ತಾವು ಕಂಡಿದ್ದೀರಿ. ಕಾಯಿಯ ಮೇಲೆ ತಾಮ್ರದ ಲೇಪವಿದ್ದರೆ ಆ ಬೀಜಾಣು ಮೊಳೆಯುವ ಮೊದಲೇ ಸಾಯುತ್ತದೆ. ಒಳಗೆ ಹೊಕ್ಕ ಮೇಲೆ ಈ ಮದ್ದು ಏನೂ ಮಾಡಲಾರದು. ಅದಕ್ಕಾಗಿಯೇ ರೋಗ ಕಾಣುವ ಮೊದಲೇ ಹೊಡೆಯಿರೆಂದು ಹೇಳುವುದು.

ದ್ರಾಕ್ಷಿಯ ಮದ್ದನ್ನು ಇದ್ದ ಹಾಗೆಯೇ ತಂದು ಅಡಿಕೆಗೆ ಎರಚಿದ್ದರೆ ಕೆಲಸ ಕೆಡುತ್ತಿತ್ತು. ಬೋರ್ಡೋ ಸೀಮೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಒಂದು ತಿಂಗಳಲ್ಲಿ ಬಿದ್ದುಹೋಗುತ್ತದೆ. ದ್ರಾಕ್ಷಿ ಬಳ್ಳಿ ಎದೆಮಟ್ಟ. ಅಡಿಕೆ ಮರ ನಲವತ್ತು ಐವತ್ತು ಅಡಿ. ಕಾಯಿಯ ಮೈಯೂ ನುಣುಪು. ಆದುದರಿಂದ ಇಲ್ಲಿ ರಾಳವನ್ನೂ ಸೋಡಾವನ್ನೂ ಕುದಿಸಿದ ಅಂಟನ್ನು ಮದ್ದಿಗೆ ಸೇರಿಸುವ ಪದ್ಧತಿ ಬೆಳೆಯಿತು. ಮರ ಹತ್ತಿ ಸಿಂಪಡಿಸುವ ವಿದ್ಯೆಯನ್ನು ನಮ್ಮ ಕೊನೆಗಾರರು ರೂಢಿಸಿಕೊಂಡರು. ಕಾಲು ಜಾರಿದರೆ ಬದುಕು ಮುಗಿಯಿತೆಂಬ ಕೆಲಸ ಅದು. ಅವರ ಹೆಸರು ಯಾವ ವರದಿಯಲ್ಲೂ ಬರಲಿಲ್ಲ ಎಂಬುದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಗುರವಾದ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಮದ್ದು ಹೊಡೆಯುವಂತಾಗಿದೆ.

ಅರೆಬರೆ ಕಲಿತರೆ ಏನಾಗುತ್ತದೆಂಬುದಕ್ಕೆ ನನ್ನ ಮನೆಯದೇ ಒಂದು ನಿದರ್ಶನವುಂಟು. ನಾನು ಹುಡುಗನಾಗಿದ್ದಾಗ ಒಂದು ವರ್ಷ ನಮ್ಮ ತಂದೆಯವರು ಹಿಂದಿನ ವರ್ಷ ಉಳಿದಿದ್ದ ಸುಣ್ಣದಲ್ಲಿಯೇ ಮದ್ದು ಕಲಸಿದರು. ಗಾಳಿ ತಗುಲಿ ಸುಣ್ಣ ಸತ್ತು ಪುಡಿಯಾಗಿತ್ತು. ತೂಕ ಸರಿಯಾಗಿಯೇ ಹಾಕಿದ್ದರು. ಸುಣ್ಣದಲ್ಲಿ ಸತ್ವ ಇರಲಿಲ್ಲ, ಅಷ್ಟೆ. ನಾಲ್ಕು ದಿನದಲ್ಲಿ ಎಳೆಗಾಯಿಗಳು ಸುಟ್ಟಂತಾಗಿ ಉದುರಿದವು. ಉಳಿದವಕ್ಕೆ ಅಂಟಿದ್ದ ಮದ್ದನ್ನು ಆರಿದ್ರಾ ಮಳೆ ತೊಳೆದುಕೊಂಡು ಹೋಯಿತು. ಪುಷ್ಯ ಮಳೆಯಲ್ಲಿ ಕೊಳೆ ಬಂತು. ಆ ವರ್ಷ ಆಗಬೇಕಾಗಿದ್ದ ಅಕ್ಕನ ಮದುವೆ ಮುಂದಕ್ಕೆ ಹೋಯಿತು. "ಪರದೇಶದ ಮದ್ದು ನಮ್ಮ ಮಳೆಗಲ್ಲ ಕಣೋ" ಎಂದು ತಂದೆಯವರು ಎರಡು ವರ್ಷ ಮದ್ದನ್ನೇ ಮುಟ್ಟಲಿಲ್ಲ. ಮೂರನೆಯ ವರ್ಷ ನೆರೆಮನೆಯ ಭಾವನವರು ಬಂದು ಚಾಕು ಅದ್ದಿ ನೋಡುವುದನ್ನು ತೋರಿಸಿಕೊಟ್ಟರು. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ!

ಆದುದರಿಂದ ಗೊತ್ತಿದ್ದವರೂ ಬೇಸರಿಸದೆ ಕೇಳಬೇಕು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರು ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ ಕರಗಿಸಿ. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, ಸೋಸಿ, ಅದನ್ನೂ 50 ಲೀಟರು ಮಾಡಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಹೊಯ್ಯಬಾರದು. ಕಬ್ಬಿಣದ ಪಾತ್ರೆ ಸಲ್ಲದು. ಮಣ್ಣಿನದು, ಮರದ್ದು, ಪ್ಲಾಸ್ಟಿಕ್ಕಿನದು ಆಗಬಹುದು. ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅದರ ಮೇಲೆ ಕೆಂಪು ಕೂತಿದ್ದರೆ ತಾಮ್ರ ಹೆಚ್ಚಾಗಿದೆ ಎಂದರ್ಥ. ಕೆಂಪು ಹೋಗುವವರೆಗೂ ಸುಣ್ಣದ ತಿಳಿ ಸೇರಿಸಬೇಕು. ಕಲಸಿದ್ದನ್ನು ಅಂದೇ ಮುಗಿಸಿ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ. ಬಿದ್ದ ಕಾಯಿಗಳನ್ನು ತೋಟದಲ್ಲಿ ಬಿಡದೆ ಆರಿಸಿ ಹೊರಹಾಕಿ. ಅಲ್ಲಿಂದಲೇ ರೋಗ ಮತ್ತೆ ಮೇಲಕ್ಕೆ ಚಿಮ್ಮುತ್ತದೆ.

ಇನ್ನೊಂದು ಸಂಗತಿ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ. ನೂರು ವರ್ಷಕ್ಕೂ ಮೀರಿ ಹೊಡೆದ ಫ್ರಾನ್ಸಿನ ತೋಟಗಳ ಮಣ್ಣಿನಲ್ಲಿ ಅದು ಕೂಡಿಕೊಂಡು ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಕಂಟಕವಾಗಿದೆ. ಯೂರೋಪಿನ ಒಕ್ಕೂಟವು 2018ರಲ್ಲಿ ಒಂದು ಕಟ್ಟಳೆ ಮಾಡಿ, ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಹಾಕಕೂಡದೆಂದು ಗೊತ್ತುಮಾಡಿತು. ಮದ್ದನ್ನು ಕಂಡುಹಿಡಿದವರೇ ಈಗ ಅದನ್ನು ಕಡಿಮೆ ಮಾಡುವ ದಾರಿ ಹುಡುಕುತ್ತಿದ್ದಾರೆ. ನಾವೋ, ಎರಡು ಸಲ ಹೊಡೆದರೆ ಒಳ್ಳೆಯದಾದರೆ ಐದು ಸಲ ಹೊಡೆದರೆ ಇನ್ನೂ ಒಳ್ಳೆಯದೆಂದು ಎಣಿಸುವವರು. ಅವರ ಮದ್ದನ್ನು ಕಲಿತೆವು. ಅವರು ಪಟ್ಟ ಪಾಡನ್ನೂ ಈಗಲೇ ಕಲಿತುಕೊಂಡರೆ ನಮ್ಮ ಮಣ್ಣಿಗೆ ಆ ಗತಿ ಬಾರದು. ಸರಿಯಾಗಿ ಕಲಸಿ ಸರಿಯಾದ ಹೊತ್ತಿಗೆ ಹೊಡೆದ ಎರಡು ಸಲ ಸಾಮಾನ್ಯ ವರ್ಷಕ್ಕೆ ಸಾಕು. ಮಳೆ ತೀರ ಎಳೆದರೆ ಮಾತ್ರ ಮೂರನೆಯದನ್ನು ಯೋಚಿಸಬಹುದು.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಕೆರೆಯ ಕೆಳಗಿನ ತೋಟದಲ್ಲಿ ಮದ್ದು ಕಲಸಿ ತೋರಿಸುವ ಏರ್ಪಾಟಾಗಿದೆ. ಬರುವವರು ತಮ್ಮ ತಮ್ಮ ಮನೆಯ ಸುಣ್ಣವನ್ನು ಒಂದೊಂದು ಹಿಡಿ ಕಟ್ಟಿಕೊಂಡು ಬರಬೇಕು, ಜೊತೆಗೆ ಒಂದು ಚಾಕುವನ್ನೂ ತರಬೇಕು. ಯಾರ ಮನೆಯ ಸುಣ್ಣದಲ್ಲಿ ಜೀವವಿದೆ, ಯಾರದರಲ್ಲಿ ಇಲ್ಲ ಎಂಬುದನ್ನು ಅಲ್ಲಿಯೇ ನೋಡೋಣ. ನನ್ನ ಮನೆಯದನ್ನೂ ತರುತ್ತೇನೆ.